ಹೇಳಿದ್ದಕ್ಕೂ ಒಪ್ಪಿಕೊಂಡದ್ದಕ್ಕೂ ನಡುವೆ

"ಸಾರ್, ನಾನು ಹೇಳಿದ್ದು ಹೌದು. ಒಪ್ಪಿಕೊಂಡದ್ದು ಯಾವಾಗ?"

ಪತ್ರಿಕೆಗೆ ಸೇರಿ ಆರು ತಿಂಗಳೂ ತುಂಬಿರದ ನನ್ನನ್ನು ಫೋನಿನಲ್ಲಿ ಹೀಗೆ ಕೇಳಿದವರು ಸಣ್ಣ ಊರೊಂದರ ಪುರಸಭೆಯ ಎಂಜಿನಿಯರ್. ಹಿಂದಿನ ದಿನ ಸುದ್ದಿಸಂಸ್ಥೆಯಿಂದ ಬಂದ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ಇಳಿಸಿದವನು ನಾನೇ. ಕೊಳವೆಬಾವಿಗಳು ಬತ್ತಿರುವುದರಿಂದ ನಾಲ್ಕು ದಿನಕ್ಕೊಮ್ಮೆ ನೀರು ಬಿಡಲಾಗುತ್ತಿದೆ ಎಂದು ಅವರು ಹೇಳಿದ್ದರು. ಇಂಗ್ಲಿಷ್ ಕಾಪಿಯಲ್ಲಿ ಐದು ಪ್ಯಾರಾ, ಐದರಲ್ಲೂ 'ಸೆಡ್'. ಒಂದೇ ಪದ ಐದು ಸಲ ಬಂದರೆ ಓದುಗರಿಗೆ ಬೇಸರವಾದೀತು ಎಂದುಕೊಂಡು ಮೊದಲು 'ಹೇಳಿದರು', ಆಮೇಲೆ 'ತಿಳಿಸಿದರು', ಆಮೇಲೆ 'ಸ್ಪಷ್ಟಪಡಿಸಿದರು' ಎಂದು ಬರೆದು, ನಾಲ್ಕನೆಯ ಪ್ಯಾರಾಕ್ಕೆ 'ಒಪ್ಪಿಕೊಂಡರು' ಎಂದು ಹಾಕಿದ್ದೆ. ಬೆಳಿಗ್ಗೆ ಪತ್ರಿಕೆ ನೋಡಿದ ಮೇಲಧಿಕಾರಿ, ಯಾವ ತಪ್ಪನ್ನು ಒಪ್ಪಿಕೊಂಡಿದ್ದೀರಿ ಎಂದು ಅವರಿಂದ ಲಿಖಿತ ವಿವರಣೆ ಕೇಳಿದ್ದರು.

ಇಂಗ್ಲಿಷ್ ಕಾಪಿ ಬರೆದವರಿಗೆ ಪದಗಳ ಬರವೇನೂ ಇರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕ್ರಿಯಾಪದಗಳು ಆ ಭಾಷೆಯಲ್ಲಿ ಬೇಕಾದಷ್ಟಿವೆ. ಅವನ್ನು ಬದಲಿಸಿ ಬದಲಿಸಿ ಬಳಸಬೇಕು ಎನ್ನುವುದನ್ನು ನಮಗೆ ಕಲಿಸಿದ್ದು ಶಾಲೆ. ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕದ ನೆರಳಿನಲ್ಲಿ ಬೆಳೆದವರಿಗೆ 'ಡೈರೆಕ್ಟ್', 'ಇನ್‌ಡೈರೆಕ್ಟ್' ಅಭ್ಯಾಸಗಳು ಮರೆತಿರಲಾರವು. ಪ್ರಶ್ನೆಯಿದ್ದರೆ 'ಆಸ್ಕ್ಡ್', ಉತ್ತರವಿದ್ದರೆ 'ರಿಪ್ಲೈಡ್', ಸಂತೋಷದ ಉದ್ಗಾರವಿದ್ದರೆ 'ಎಕ್ಸ್‌ಕ್ಲೇಮ್ಡ್ ವಿತ್ ಜಾಯ್'. ನಿಜಜೀವನದಲ್ಲಿ ಯಾರಾದರೂ 'ಎಕ್ಸ್‌ಕ್ಲೇಮ್ಡ್ ವಿತ್ ಜಾಯ್' ಎಂದು ಬರೆದದ್ದನ್ನು ನಾನು ಇದುವರೆಗೆ ನೋಡಿಲ್ಲ, ಆದರೆ ಅದಕ್ಕೆ ಅಂಕವಂತೂ ಸಿಗುತ್ತಿತ್ತು.

ಈ ಪದಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವಂಥವಲ್ಲ ಎನ್ನುವುದು ಅವುಗಳ ಹುಟ್ಟನ್ನು ಕೆದಕಿದರೆ ತಿಳಿಯುತ್ತದೆ. ಉತ್ತರ ಕೊಡುವುದಕ್ಕೆ ಇರುವ ಪದಗಳನ್ನೇ ನೋಡಿ. 'ಆನ್ಸರ್' ಇಂಗ್ಲಿಷಿನ ಹಳೆಯ ಸ್ವಂತ ಪದ. ಅದರ ಮೊದಲ ಭಾಗಕ್ಕೆ 'ಎದುರಾಗಿ' ಎಂಬ ಅರ್ಥ, ಎರಡನೆಯ ಭಾಗ ಆಣೆ ಮಾಡುವುದನ್ನು ಸೂಚಿಸುವ 'ಸ್ವೇರ್' ಪದದ ನೆಂಟ. ಅಂದರೆ ತನ್ನ ಮೇಲಿನ ಆಪಾದನೆಗೆ ಎದುರಾಗಿ ಆಣೆಯಿಟ್ಟು ಆಡುವ ಮಾತು. 'ರಿಪ್ಲೈ' ಲ್ಯಾಟಿನ್ನಿನಿಂದ ಫ್ರೆಂಚ್ ದಾರಿಯಾಗಿ ಬಂದದ್ದು, ಮೂಲದಲ್ಲಿ ಹಿಂದಕ್ಕೆ ಮಡಿಸುವುದು. 'ರೆಸ್ಪಾಂಡ್' ಎಂದರೆ ಪ್ರತಿಯಾಗಿ ವಚನ ಕೊಡುವುದು. ಗಂಡ ಅಥವಾ ಹೆಂಡತಿಯನ್ನು ಹೇಳುವ 'ಸ್ಪೌಸ್', ಕ್ರಿಕೆಟ್ ಪಂದ್ಯಗಳ 'ಸ್ಪಾನ್ಸರ್' ಎರಡೂ ಅದೇ ಬೇರಿನಿಂದ ಚಿಗುರಿದವು. ನಮ್ಮ ವಕೀಲರು ಇಂದಿಗೂ ಕೋರ್ಟಿಗೆ ಸಲ್ಲಿಸುವ 'ರಿಜಾಯಿಂಡರ್' ಇಂಗ್ಲೆಂಡಿನ ನ್ಯಾಯಾಲಯಗಳ ಫ್ರೆಂಚಿನಿಂದ ಉಳಿದು ಬಂದದ್ದು.

ಇವುಗಳಲ್ಲಿ 'ರಿಟಾರ್ಟ್' ನನಗೆ ಬಹಳ ಇಷ್ಟ. ಹೈಸ್ಕೂಲಿನ ರಸಾಯನಶಾಸ್ತ್ರ ಪುಸ್ತಕದಲ್ಲಿ ಕತ್ತು ಬಾಗಿಸಿಕೊಂಡು ನಿಂತಿದ್ದ ಗಾಜಿನ ಪಾತ್ರೆ ನೆನಪಿದೆಯಲ್ಲ, ಅದರ ಹೆಸರೂ ಇದೇ. ಎರಡಕ್ಕೂ ಮೂಲಾರ್ಥ ಹಿಂದಕ್ಕೆ ತಿರುಚುವುದು. ಎದುರಿನವನ ಮಾತನ್ನೇ ತಿರುಚಿ ಅವನತ್ತ ಎಸೆಯುವುದು 'ರಿಟಾರ್ಟ್'. 'ಆನ್ಸರ್', 'ರಿಪ್ಲೈ'ಗಳ ಹಳೆಯ ಬಣ್ಣ ಮಾಸಿದೆ. 'ರಿಟಾರ್ಟ್'ನ ಖಾರ ಮಾತ್ರ ಹಾಗೇ ಇದೆ. ಮಂತ್ರಿಯೊಬ್ಬರು ತಣ್ಣಗೆ ಕೊಟ್ಟ ಉತ್ತರಕ್ಕೆ ವರದಿಗಾರ 'ರಿಟಾರ್ಟೆಡ್' ಎಂದು ಬಾಲ ಕಟ್ಟಿದರೆ, ಆಗದಿದ್ದ ಜಗಳವೊಂದು ಅಚ್ಚಿನಲ್ಲಿ ಆಗಿಬಿಡುತ್ತದೆ.

ಸುದ್ದಿಮನೆಯಲ್ಲಿ ಇದಕ್ಕಿಂತ ಅಪಾಯಕಾರಿಯಾದವು ತೀರ್ಪು ಕೊಡುವ ಪದಗಳು. 'ಕ್ಲೇಮ್ಡ್' ಎಂದ ಕೂಡಲೇ ಆತ ಹೇಳಿದ್ದರ ಮೇಲೆ ಬರೆದವನಿಗೆ ನಂಬಿಕೆಯಿಲ್ಲ ಎಂಬ ವಾಸನೆ ಬರುತ್ತದೆ. 'ಪಾಯಿಂಟೆಡ್ ಔಟ್' ಇದಕ್ಕೆ ತದ್ವಿರುದ್ಧ, ಅದು ಹೇಳಿದ ಸಂಗತಿ ಸತ್ಯವೆಂದು ಮುದ್ರೆ ಒತ್ತುತ್ತದೆ. ಒಂದೇ ಸಭೆಯಲ್ಲಿ ಆಡಳಿತ ಪಕ್ಷದವರು 'ಪಾಯಿಂಟೆಡ್ ಔಟ್', ವಿರೋಧ ಪಕ್ಷದವರು 'ಕ್ಲೇಮ್ಡ್' ಆದರೆ ಪತ್ರಿಕೆ ಯಾರ ಕಡೆಗಿದೆ ಎಂದು ಬೇರೆ ಹೇಳಬೇಕಾಗಿಲ್ಲ. 'ಡಿನೈಡ್' ಎಂದರೆ ನಿರಾಕರಿಸಿದರು ಎಂದಷ್ಟೇ ಅರ್ಥ. 'ರೆಫ್ಯೂಟೆಡ್' ಎಂದರೆ ಸುಳ್ಳೆಂದು ಸಾಧಿಸಿ ತೋರಿಸಿದರು. ಇಂಗ್ಲಿಷರೇ ಈ ಎರಡನ್ನೂ ಬೆರೆಸಿ ಬರೆಯುವುದುಂಟು, ಅದಕ್ಕೆ ಅಲ್ಲಿನ ಭಾಷಾಪ್ರೇಮಿಗಳು ಸಿಡಿಮಿಡಿಗೊಳ್ಳುವುದೂ ಉಂಟು. ಇನ್ನು 'ಅಡ್ಮಿಟೆಡ್'. ಅದರ ಹಿಂದೆ ಯಾವಾಗಲೂ ಒಂದು ತಪ್ಪು, ಅಥವಾ ಮುಚ್ಚಿಟ್ಟ ಗುಟ್ಟು ನಿಂತಿರುತ್ತದೆ. ಎಂಜಿನಿಯರ್ ನೀರಿನ ಸ್ಥಿತಿಯನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದರು. ಆದ್ದರಿಂದಲೇ ಪಳಗಿದ ಇಂಗ್ಲಿಷ್ ವರದಿಗಾರರು 'ಸೆಡ್' ಬಿಟ್ಟು ಸುಲಭವಾಗಿ ಕದಲುವುದಿಲ್ಲ. ನನಗೆ ಸೋಮಾರಿತನವಾಗಿ ಕಂಡದ್ದು ಅವರ ಎಚ್ಚರವಾಗಿತ್ತು.

ಕಥೆ ಬರೆಯುವವರಿಗೆ ಈ ಕಟ್ಟುಪಾಡು ಬೇಕೇ? ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆಯುವವರಿಗಾಗಿ ಹತ್ತು ಸೂತ್ರಗಳನ್ನು ಕೊಟ್ಟರು. ಸಂಭಾಷಣೆಗೆ 'ಸೆಡ್' ಹೊರತು ಬೇರೆ ಕ್ರಿಯಾಪದ ಬೇಡ, ಆ 'ಸೆಡ್'ಗೂ ವಿಶೇಷಣದ ಅಲಂಕಾರ ಬೇಡ ಎನ್ನುವುದು ಅವುಗಳಲ್ಲಿ ಎರಡು. ಓದುವ ಕಣ್ಣು 'ಸೆಡ್' ಮೇಲೆ ನಿಲ್ಲದೆ ಮಾತಿನತ್ತ ಜಾರಿಹೋಗುತ್ತದೆ, ಬೇರೆ ಪದ ಬಂದರೆ ಮೂಗು ತೂರಿಸುವವನು ಲೇಖಕ. ಅಲಂಕಾರ ಅತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ 1910ರಲ್ಲಿ ಶುರುವಾದ ಟಾಮ್ ಸ್ವಿಫ್ಟ್ ಎಂಬ ಹುಡುಗರ ಸಾಹಸಕಥೆಗಳ ಮಾಲೆಯನ್ನು ತೋರಿಸುತ್ತಾರೆ. ಆ ಶೈಲಿಯನ್ನು ಅಣಕಿಸುವ ಶ್ಲೇಷೆಯ ಆಟಕ್ಕೆ 'ಟಾಮ್ ಸ್ವಿಫ್ಟಿ' ಎಂದೇ ಹೆಸರು. ಪೆನ್ಸಿಲಿನ ಮೊನೆ ಮುರಿಯಿತೆಂದು ಟಾಮ್ 'ಪಾಯಿಂಟ್‌ಲೆಸ್' ಆಗಿ ಹೇಳಿದ ಎನ್ನುವ ಬಗೆಯದು. ಹಾಗೆಂದು ಲೆನರ್ಡ್ ಸೂತ್ರವನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಪಿಸುಗುಟ್ಟಿದ್ದನ್ನು ಪಿಸುಗುಟ್ಟಿದ ಎಂದು ಹೇಳದೆ ಬೇರೆ ಹೇಗೆ ತಿಳಿಸುವುದು?

ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಾವು ಎಡವುವುದು ಇನ್ನೊಂದು ಜಾಗದಲ್ಲಿ. 'ಬನ್ನಿ ಎಂದು ನಕ್ಕರು', 'ಗೊತ್ತಿಲ್ಲ ಎಂದು ತಲೆ ಕೆರೆದುಕೊಂಡ', 'ಸಾಕು ಎಂದು ಎದ್ದುಹೋದಳು'. ಇವೆಲ್ಲ ನಮಗೆ ಸಹಜ. ಏಕೆಂದರೆ 'ಎಂದು' ಎನ್ನುವುದು 'ಎನ್ನು' ಧಾತುವಿನದೇ ರೂಪ, ಮಾತಾಡುವ ಕೆಲಸವನ್ನು ಅದೇ ಮುಗಿಸಿಬಿಡುತ್ತದೆ. ಆಮೇಲೆ ನಗಬಹುದು, ಅಳಬಹುದು, ಬಸ್ಸನ್ನೂ ಹತ್ತಬಹುದು. ಇಂಗ್ಲಿಷಿನಲ್ಲಿ ಇಂಥ 'ಎಂದು' ಇಲ್ಲ. ಅಲ್ಲಿ ಮಾತಿನ ಭಾರವನ್ನು ಕ್ರಿಯಾಪದವೇ ಹೊರಬೇಕು. ಮಾತಿನ ಮುಂದೆ ನೇರವಾಗಿ 'ಹಿ ಸ್ಮೈಲ್ಡ್' ಎಂದು ಅಂಟಿಸಿದರೆ, ನಗುವುದರಿಂದ ಪದಗಳು ಹೇಗೆ ಹೊರಬಿದ್ದವು ಎಂದು ಕಟ್ಟುನಿಟ್ಟಿನ ಸಂಪಾದಕರು ಕೇಳುತ್ತಾರೆ.

'ನನಗೆ ಹೇಳಿದ', 'ನನಗೆ ಉತ್ತರಿಸಿದ' ಎನ್ನುವಾಗ ನಮಗೆ ಒಂದೇ 'ಗೆ' ಸಾಕು. ಅಲ್ಲಿ 'ಟೋಲ್ಡ್ ಮಿ' ಸರಿ, 'ಸೆಡ್ ಮಿ' ತಪ್ಪು. 'ಆನ್ಸರ್ಡ್ ಮಿ' ಸರಿ, 'ರಿಪ್ಲೈಡ್ ಮಿ' ತಪ್ಪು, ನಡುವೆ 'ಟು' ಬೇಕು. ಇದಕ್ಕೆ ತರ್ಕ ಹುಡುಕಿ ಫಲವಿಲ್ಲ, ರೂಢಿ ಮಾಡಿಕೊಳ್ಳಬೇಕು ಅಷ್ಟೆ.

ಎಂಜಿನಿಯರ್ ಫೋನ್ ಮಾಡಿದ ದಿನ ಮುಖ್ಯ ಉಪಸಂಪಾದಕರು ಬೈಯಲಿಲ್ಲ. ಇಂಗ್ಲಿಷ್ ಕಾಪಿಯನ್ನು ನನ್ನ ಮುಂದಿಟ್ಟು, 'ಅಡ್ಮಿಟೆಡ್' ಎಲ್ಲಿದೆ ತೋರಿಸು ಎಂದರು. ಮರುದಿನ ಒಳಪುಟದ ಮೂಲೆಯಲ್ಲಿ, 'ಒಪ್ಪಿಕೊಂಡರು' ಎಂಬುದನ್ನು 'ಹೇಳಿದರು' ಎಂದು ಓದಿಕೊಳ್ಳಬೇಕಾಗಿ ವಿನಂತಿ ಎಂಬ ಎರಡು ಸಾಲಿನ ತಿದ್ದುಪಡಿ ಬಂತು. ಎಂಜಿನಿಯರ್ ಮತ್ತೊಮ್ಮೆ ಫೋನ್ ಮಾಡಿ ಆ ದಿನದ ಪತ್ರಿಕೆಯ ಎರಡು ಪ್ರತಿ ಕಳಿಸಲು ಕೇಳಿದರು. ಒಂದು ವಿವರಣೆಯ ಜೊತೆ ಲಗತ್ತಿಸಲು, ಇನ್ನೊಂದು ಮನೆಯಲ್ಲಿ ಇಟ್ಟುಕೊಳ್ಳಲು.