ಅಂತರ್ಜಾಲದಲ್ಲಿ ಸಮತೆ

ಒಂದೇ ಬೆಲೆಯ ಅಂಚೆಚೀಟಿ ಹಚ್ಚಿದ ಕಾಗದಗಳಲ್ಲಿ ಅಂಚೆಯವನು ಬಡವ ಬಲ್ಲಿದರೆಂಬ ಭೇದವನ್ನೆಣಿಸುವುದಿಲ್ಲ. ಅಂತೆಯೇ ಅಂತರ್ಜಾಲವನ್ನೊದಗಿಸುವ ಕಂಪನಿಯು ಯಾವ ಜಾಲತಾಣವನ್ನೂ ತಡೆಯದೆ, ನಿಧಾನಗೊಳಿಸದೆ, ಬೇರೆ ದರ ವಿಧಿಸದೆ ನಮಗೆ ತಲುಪಿಸಬೇಕೆಂಬುದೇ ಜಾಲಸಮತೆಯ ತತ್ತ್ವ.

2015ರಲ್ಲಿ ಫೇಸ್‌ಬುಕ್ ಸಂಸ್ಥೆಯು ತಾನು ಒಪ್ಪಿದ ಕೆಲವೇ ತಾಣಗಳನ್ನು ಉಚಿತವಾಗಿ ಕಾಣಿಸುವ ಯೋಜನೆಯನ್ನು ಭಾರತಕ್ಕೆ ತಂದಿತು. ಉಚಿತವೆಂದರೆ ಯಾರಿಗೆ ಬೇಡ? ಆದರೆ ಉಳಿದ ತಾಣಗಳಿಗೆ ಮಾತ್ರ ಹಣ ತೆರಬೇಕಾದರೆ ಬಡ ಓದುಗನು ಅತ್ತ ಸುಳಿಯಲಾರನು. 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಇಂತಹ ದರಭೇದವನ್ನು ನಿಷೇಧಿಸಿತು. ಮೀರಿದವರಿಗೆ ದಿನಕ್ಕೆ 50,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು.

ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡ ಪುಸ್ತಕದಂಗಡಿ ದೂರ. ಕನ್ನಡದ ಸಣ್ಣ ಜಾಲತಾಣಗಳೇ ಹತ್ತಿರ. ಸಿರಿವಂತರ ಪಟ್ಟಿಯಲ್ಲಿ ಹೆಸರಿಲ್ಲವೆಂದು ಆ ಬಾಗಿಲು ಮುಚ್ಚದಂತೆ ಎಚ್ಚರವಹಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.