ಸೊನ್ನೆ ಖರ್ಚಿನ ಅಭ್ಯರ್ಥಿ

2024ರ ನವೆಂಬರ್ 24. ರೊಮೇನಿಯಾದಲ್ಲಿ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತು. ಸಮೀಕ್ಷೆಗಳಲ್ಲಿ ಎಲ್ಲೋ ಹಿಂದಿದ್ದ ಕೆಲಿನ್ ಜಾರ್ಜೆಸ್ಕು, ಸುಮಾರು ಶೇ. 23 ಮತ ಪಡೆದು ಎಲ್ಲರಿಗಿಂತ ಮುಂದೆ! ಪ್ರಚಾರಕ್ಕೆ ಅವರು ತೋರಿಸಿದ ಖರ್ಚು? ಸೊನ್ನೆ.

ಹಾಗಾದ್ರೆ ಟಿಕ್‌ಟಾಕ್ ತುಂಬ ಅವರ ವಿಡಿಯೊ ಹಬ್ಬಿಸಿದ್ದು ಯಾರು? ಡಿಸೆಂಬರ್ 4ಕ್ಕೆ ಗುಪ್ತಚರ ದಾಖಲೆಗಳು ಬಯಲಾದವು. ಸುಮಾರು 25,000 ಖಾತೆಗಳ ಜಾಲವೊಂದು ಮತದಾನಕ್ಕೆ ಎರಡು ವಾರ ಇರುವಾಗ ದಿಢೀರನೆ ಚುರುಕಾಗಿತ್ತಂತೆ. ಇನ್‌ಫ್ಲುಯೆನ್ಸರ್‌ಗಳಿಗೆ ದುಡ್ಡೂ ಹೋಗಿತ್ತಂತೆ. ಜತೆಗೆ ಚುನಾವಣಾ ವ್ಯವಸ್ಥೆಯ ಮೇಲೆ 85,000ಕ್ಕೂ ಹೆಚ್ಚು ಸೈಬರ್ ದಾಳಿ ಯತ್ನ. ಬೆರಳು ತಿರುಗಿದ್ದು ರಷ್ಯಾ ಕಡೆಗೆ. ಮಾಸ್ಕೊ ಒಪ್ಪಲಿಲ್ಲ ಬಿಡಿ.

ರೊಮೇನಿಯಾನೇ ಯಾಕೆ? ಉಕ್ರೇನ್‌ಗೆ ಅಂಟಿಕೊಂಡಿರುವ ನೇಟೊ ದೇಶ ಅದು. ಜಾರ್ಜೆಸ್ಕು ಉಕ್ರೇನ್‌ಗೆ ಕೊಡುವ ನೆರವನ್ನೇ ವಿರೋಧಿಸಿದವರು. ಸೈನ್ಯ ಗಡಿ ದಾಟದೆಯೇ ಇನ್ನೊಂದು ದೇಶದ ದಾರಿ ತಿರುಗಿಸುವ ಈ ಆಟವೇ ಹೈಬ್ರಿಡ್ ಯುದ್ಧ.

ಡಿಸೆಂಬರ್ 6. ವಿದೇಶದಲ್ಲಿದ್ದವರು ಎರಡನೇ ಸುತ್ತಿಗೆ ಮತ ಹಾಕುತ್ತಿದ್ದಾಗಲೇ, ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ನನ್ನ ಕೇಳಿದ್ರೆ, ಹೊರಗಿನವರಿಗೆ ದಕ್ಕಿದ ದೊಡ್ಡ ಲಾಭ ಇದೇ: ಯಾರು ಗೆದ್ದರೂ ಅರ್ಧ ದೇಶಕ್ಕೆ ಅನುಮಾನ.

2025ರ ಮೇನಲ್ಲಿ ಮರುಚುನಾವಣೆ ನಡೆಯಿತು, ನಿಕುಶೋರ್ ದಾನ್ ಗೆದ್ದರು. ಜಾರ್ಜೆಸ್ಕುಗೆ ಸ್ಪರ್ಧಿಸಲು ಅವಕಾಶವೇ ಸಿಗಲಿಲ್ಲ.