ಆಟವಾಡುತ್ತ ಕಸಬು ಕಲಿಯುವುದು

ಗಾಳಿಪಟ ಹಾರಿಸುವ ಹುಡುಗನಿಗೆ ದಾರವನ್ನು ಯಾವಾಗ ಸಡಿಲ ಬಿಡಬೇಕು, ಯಾವಾಗ ಜಗ್ಗಬೇಕು ಎಂಬುದನ್ನು ಯಾರೂ ಪಾಠ ಹೇಳುವುದಿಲ್ಲ. ತಪ್ಪಿದೊಡನೆ ಪಟವು ತಲೆಕೆಳಗಾಗುತ್ತದೆ. ಅದೇ ಅವನ ಗುರು. ಅದೇ ಹುಡುಗನು ಬೆಳೆದು ಕಾರ್ಖಾನೆಗೋ ಕಚೇರಿಗೋ ಸೇರಿದಾಗ ದೊರೆಯುವ ತರಬೇತಿಯಾದರೋ ಬಹುಮಟ್ಟಿಗೆ ಕುಳಿತು ಕೇಳುವ ಉಪನ್ಯಾಸ. ಈ ನೀರಸತೆಯನ್ನು ಕಳೆಯಲು ಅನೇಕ ಸಂಸ್ಥೆಗಳು ತರಬೇತಿಯಲ್ಲಿ ಅಂಕ, ಪದಕ, ಪಂದ್ಯಗಳನ್ನು ತಂದಿವೆ. ಇದಕ್ಕೆ ಗೇಮಿಫಿಕೇಷನ್ ಎಂಬ ಹೆಸರು ರೂಢಿಗೆ ಬಂದದ್ದು 2010ರ ಸುಮಾರಿಗೆ. ಹೆಸರು ಹೊಸದಾದರೂ ಸಂಗತಿ ಹಳೆಯದು.

ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನಿದ್ದನು. ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ವಿಮಾನ ನಡೆಸಲು ಕಲಿಯುವುದು ಬಹಳ ದುಬಾರಿಯಾಗಿದ್ದ ಆ ಕಾಲದಲ್ಲಿ, ನೆಲದ ಮೇಲೆಯೇ ಕುಳಿತು ಅಭ್ಯಾಸ ಮಾಡಬಹುದಾದ ಯಂತ್ರವೊಂದನ್ನು ಅವನು 1929ರಲ್ಲಿ ರಚಿಸಿದನು. ಅದರ ಜೀವಾಳವೆಂದರೆ ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತಹ ತಿದಿಗಳು. ಗಿಡ್ಡ ರೆಕ್ಕೆಗಳುಳ್ಳ ಪುಟ್ಟ ವಿಮಾನದಂತಹ ಪೆಟ್ಟಿಗೆಯು ಅವುಗಳ ಮೇಲೆ ನಿಂತಿರುವುದು. ಕಲಿಯುವವನು ಕೈಗೋಲನ್ನು ಎಡಕ್ಕೆ ವಾಲಿಸಿದರೆ ಕವಾಟವು ತೆರೆದು, ಎಡಗಡೆಯ ತಿದಿಯೊಳಗಿನ ಗಾಳಿಯು ಹೀರಲ್ಪಟ್ಟು, ತಿದಿ ಕುಗ್ಗಿ, ಪೆಟ್ಟಿಗೆಯು ಎಡಕ್ಕೆ ಬಾಗುವುದು. ಈ ಯಂತ್ರಕ್ಕೆ ಮೊದಲು ಗಿರಾಕಿಗಳಾದವರು ಬಹುತೇಕ ವಿನೋದೋದ್ಯಾನಗಳವರು. ಕಾಸು ಕೊಟ್ಟು ಜನರು ಅದರಲ್ಲಿ ಕುಳಿತು ನಲಿಯುತ್ತಿದ್ದರು!

1934ರಲ್ಲಿ ಅಮೆರಿಕದ ಸೈನ್ಯದ ವೈಮಾನಿಕರಿಗೆ ಟಪಾಲು ಸಾಗಿಸುವ ಹೊಣೆ ಬಿದ್ದಿತು. ಹಿಮ ಕವಿದ ರಾತ್ರಿಗಳಲ್ಲಿ ಕೇವಲ ಉಪಕರಣಗಳ ಮುಳ್ಳನ್ನು ನಂಬಿ ಹಾರುವ ಅಭ್ಯಾಸ ಅವರಿಗೆ ಸಾಲದಾಗಿತ್ತು. ಕೆಲವೇ ವಾರಗಳಲ್ಲಿ ಹಲವರು ಮಡಿದರು. ಆ ವರ್ಷವೇ ಸೈನ್ಯವು ಲಿಂಕನ 6 ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ವೇಳೆಗೆ ಅವುಗಳ ಸಂಖ್ಯೆ ಸುಮಾರು 10,000 ಆಯಿತು.

ಈ ಆಟದಲ್ಲಿ ಪಾಠವಿದ್ದುದು ಎಲ್ಲಿ? ಶಿಕ್ಷಕನ ಮೇಜಿನ ಮೇಲೆ ‘ಏಡಿ’ ಎಂದು ಕರೆಯುತ್ತಿದ್ದ ಮೂರು ಗಾಲಿಯ ಸಣ್ಣ ಸಾಧನವೊಂದು ನಕ್ಷೆಯ ಮೇಲೆ ತೆವಳುತ್ತ, ಶಿಷ್ಯನು ‘ಹಾರಿದ’ ದಾರಿಯನ್ನು ಶಾಯಿಯಲ್ಲಿ ಬರೆಯುತ್ತಿತ್ತು. ಮುಚ್ಚಿದ ಪೆಟ್ಟಿಗೆಯಿಂದ ಹೊರಬಂದೊಡನೆ ಅವನು ತನ್ನ ತಪ್ಪನ್ನು ಕಣ್ಣಾರೆ ಕಾಣಬಹುದಾಗಿತ್ತು. ಪ್ರಾಣಾಪಾಯವಿಲ್ಲದೆ ತಪ್ಪಬಹುದು, ಕೂಡಲೇ ತಿಳಿಯಬಹುದು, ಮತ್ತೆ ಯತ್ನಿಸಬಹುದು.

ಬಹುಮಾನದ ವಿಷಯ ಹೀಗಲ್ಲ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞನು ಏಳು ತುಂಡುಗಳ ಸೋಮಾ ಘನವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಕೆಲವರಿಗೆ ಮಾತ್ರ ಒಂದು ಸರದಿಯಲ್ಲಿ ಪ್ರತಿಯೊಂದು ಸಮಸ್ಯೆಯ ಬಿಡಿಕೆಗೂ ಒಂದು ಡಾಲರ್ ಕೊಟ್ಟನು. ಮುಂದಿನ ಸರದಿಯಲ್ಲಿ ಹಣ ನಿಂತಾಗ, ಬಿಡುವಿನ ವೇಳೆಯಲ್ಲಿ ಆ ಘನವನ್ನು ಮುಟ್ಟುವ ಅವರ ಆಸಕ್ತಿ ಮೊದಲಿಗಿಂತ ತಗ್ಗಿತ್ತು. ಇಂತಹ 128 ಪ್ರಯೋಗಗಳನ್ನು ಅವನೂ ಅವನ ಸಂಗಡಿಗರೂ 1999ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೊದಲೇ ಮಾತುಕೊಟ್ಟ ಬಹುಮಾನಗಳು ಆಸಕ್ತಿಯನ್ನು ಕುಂದಿಸುವುದೂ, ‘ಚೆನ್ನಾಗಿ ಮಾಡಿದೆ’ ಎಂಬ ಮೆಚ್ಚುನುಡಿ ಅದನ್ನು ಹೆಚ್ಚಿಸುವುದೂ ಕಂಡುಬಂದಿತು. ಈ ಬಗ್ಗೆ ತಜ್ಞರಲ್ಲಿ ವಾದವಿದೆಯೆಂಬುದನ್ನು ಮರೆಮಾಚಲಾಗದು. ನನ್ನ ಅನುಭವವಾದರೋ ಡೆಸಿಯ ಕಡೆಗೇ ವಾಲುತ್ತದೆ. ಲೋಲಕದ ಪ್ರಯೋಗದಲ್ಲಿ ಅಳತೆ ಸಿಕ್ಕಿದಂತೆಲ್ಲ ನಕ್ಷೆಯಲ್ಲಿ ಗುರುತಿಸುವ ವಿದ್ಯಾರ್ಥಿಗಳು ಎಣಿಕೆಯ ತಪ್ಪನ್ನು ತಾವೇ ಹಿಡಿಯುತ್ತಾರೆ. ಒಮ್ಮೆ, ಗೆರೆ ನೇರವಾಗಿ ಬಂದವರಿಗೆ ಹೆಚ್ಚು ಅಂಕವೆಂದು ಸಾರಿದೆ. ಕೆಲವರು ಮೊದಲು ಗೆರೆಯನ್ನೆಳೆದು ಅನಂತರ ಅಳತೆಗಳನ್ನು ಹುಟ್ಟಿಸಿದರು!

ಕ್ಯಾಲಿಫೋರ್ನಿಯದ ಅನಹೈಮ್ ನಗರದ ಕೆಲವು ಹೋಟೆಲುಗಳ ಬಟ್ಟೆ ಒಗೆಯುವ ವಿಭಾಗದಲ್ಲಿ, ಪ್ರತಿಯೊಬ್ಬ ಕೆಲಸಗಾರನ ವೇಗವನ್ನೂ ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ತೋರಿಸುವ ಏರ್ಪಾಟಾಗಿತ್ತು. ಗುರಿ ಮುಟ್ಟಿದವನ ಅಂಕಿ ಹಸಿರು, ಹಿಂದೆ ಬಿದ್ದವನದು ಕೆಂಪು. ಕೆಲಸಗಾರರು ಅದನ್ನು ‘ವಿದ್ಯುತ್ ಚಾಟಿ’ ಎಂದು ಕರೆದರೆಂದು 2011ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಲಿಂಕನ ಏಡಿಯ ಗೆರೆಯಲ್ಲಿ ವೈಮಾನಿಕನು ತಾನು ಎಲ್ಲಿ ದಾರಿ ತಪ್ಪಿದೆನೆಂದು ಓದಬಹುದಾಗಿತ್ತು. ಕೆಂಪು ಅಂಕಿಯಲ್ಲಿ, ಹಾಸಿಗೆಯ ಬಟ್ಟೆಯನ್ನು ಹೇಗೆ ಮಡಿಸಿದರೆ ಬೇಗ ಮುಗಿಯುವುದೆಂಬ ಸುಳಿವೇ ಇರಲಿಲ್ಲ.